ದಿನ ತುಂಬದ ಕೂಸಿನ ಕರುಳು: ಮೊದಲ ಬ್ಯಾಕ್ಟೀರಿಯಾ, ಮೊದಲ ಹಾಲು

ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದುವವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ಹೆರಿಗೆಯಾದ ಮೊದಲ ದಿನಗಳಲ್ಲಿ ತಾಯಿಯಲ್ಲಿ ಬರುವ ಹಳದಿ ಬಣ್ಣದ ಹಾಲೇ ಕೊಲಸ್ಟ್ರಮ್, ಅದರಲ್ಲಿ ಐಜಿಎ ಎಂಬ ಪ್ರತಿಕಾಯಗಳು ಹೇರಳವಾಗಿರುತ್ತವೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಒಂಬತ್ತು ತಿಂಗಳು ತುಂಬುವ ಮುನ್ನವೇ ಹುಟ್ಟಿದ, ಒಂದೂವರೆ ಕಿಲೋ ತೂಗದ ಕೂಸಿಗೆ ಈ ವಾಕ್ಯ ಸಾವು ಬದುಕಿನ ಮಾತು. ಅಂಥ ಕೂಸಿನ ಕರುಳಿನಲ್ಲಿ ಮೊದಲು ಯಾವ ಬ್ಯಾಕ್ಟೀರಿಯಾ ನೆಲೆಸುತ್ತದೆ, ಅದಕ್ಕೆ ಮೊದಲು ಯಾವ ಹಾಲು ಸಿಗುತ್ತದೆ ಎಂಬುದರ ಮೇಲೆ ಒಂದು ಭಯಂಕರ ಕಾಯಿಲೆ ಬರುವುದೂ ಬರದಿರುವುದೂ ಬಹುಮಟ್ಟಿಗೆ ನಿಂತಿದೆ. ಆ ಕಾಯಿಲೆ ಯಾವುದು, ಅದು ಹೇಗೆ ಬರುತ್ತದೆ, ಅದನ್ನು ತಡೆಯಲು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ದಿನ ತುಂಬದ ಕೂಸು ಎಂದರೆ

ಗರ್ಭದ ಪೂರ್ಣ ಅವಧಿ ಸುಮಾರು 40 ವಾರ. 37 ವಾರ ಮುಗಿಯುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ನಮ್ಮ ಕಡೆ ಹಿರಿಯರು ‘ದಿನ ತುಂಬದ ಕೂಸು’ ಎನ್ನುವುದು ಇದನ್ನೇ. 32ರಿಂದ 37 ವಾರದ ನಡುವೆ ಹುಟ್ಟಿದ ಮಕ್ಕಳೇ ಇವರಲ್ಲಿ ಹೆಚ್ಚು. 32 ವಾರಕ್ಕಿಂತ ಮೊದಲು ಹುಟ್ಟಿದವರಿಗೆ ಅಪಾಯ ಹೆಚ್ಚು, 28 ವಾರಕ್ಕಿಂತ ಮೊದಲಾದರೆ ಇನ್ನೂ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಅವಧಿಗೆ ಮೊದಲೇ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದ್ದು ನಮ್ಮ ದೇಶದಲ್ಲಿ. ಬೇರೆ ಯಾವ ದೇಶದಲ್ಲೂ ಇಷ್ಟು ಸಂಖ್ಯೆ ಇಲ್ಲ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇಂದು ಮೊದಲ ಕಾರಣವೇ ಅವಧಿಪೂರ್ವ ಜನನದ ತೊಂದರೆಗಳು.

ಇಂಥ ಕೂಸುಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಉಸಿರಾಟದ ಬಗ್ಗೆ, ಮೈ ತಣ್ಣಗಾಗುವುದರ ಬಗ್ಗೆ ಯೋಚಿಸುತ್ತೇವೆ. ಶ್ವಾಸಕೋಶ ಬಲಿತಿಲ್ಲ, ಚರ್ಮದ ಕೆಳಗೆ ಕೊಬ್ಬಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಕರುಳು ಬಲಿತಿಲ್ಲ ಎಂಬುದು ಮಾತ್ರ ಕಾಣುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಶಕ್ತಿ ಸುಮಾರು 34ನೇ ವಾರದ ಹೊತ್ತಿಗೆ ಬರುತ್ತದೆ. ಆಹಾರವನ್ನು ಮುಂದೆ ತಳ್ಳುವ ಕರುಳಿನ ಅಲೆಯಂಥ ಚಲನೆ ಅದಕ್ಕೂ ಮೊದಲು ಕ್ರಮವಾಗಿರುವುದಿಲ್ಲ. ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಯ ಪದರ ತೆಳುವಾಗಿರುತ್ತದೆ. ಹೊಟ್ಟೆಯಲ್ಲಿ ಆಮ್ಲ ಕಡಿಮೆ ಇರುತ್ತದೆ. ಒಟ್ಟಿನಲ್ಲಿ ಗೋಡೆ ಇನ್ನೂ ಹಸಿಯಾಗಿರುವಾಗಲೇ ಮನೆಗೆ ನೆಂಟರು ಬಂದಂತೆ. ಆ ನೆಂಟರೇ ಬ್ಯಾಕ್ಟೀರಿಯಾಗಳು.

ಕರುಳಿನ ಮೊದಲ ನಿವಾಸಿಗಳು

ಮಗು ಗರ್ಭದಲ್ಲಿರುವಾಗ ಅದರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬೀಡು ಇರುವುದಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅವು ಬಂದು ಸೇರತೊಡಗುತ್ತವೆ. ಇದನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿದವರು ಮಕ್ಕಳ ವೈದ್ಯ ಥಿಯೊಡೋರ್ ಎಷೆರಿಚ್. 1885ರಲ್ಲಿ ಅವರು ನವಜಾತ ಶಿಶುಗಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿದರು. ನಾವು ಪುಸ್ತಕದಲ್ಲಿ ಓದುವ ಎಷೆರಿಚಿಯಾ ಕೋಲೈ ಅದೇ. ಆ ಹೆಸರಿನಲ್ಲಿ ಇರುವುದು ಅವರ ಹೆಸರು. ಮುಂದೆ 1900ರ ಸುಮಾರಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ ಅವರು ತಾಯಿಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವೆಗೋಲಿನ ಆಕಾರದ, ಎರಡಾಗಿ ಸೀಳಿದಂತಿರುವ ಬ್ಯಾಕ್ಟೀರಿಯಾವನ್ನು ಕಂಡರು. ಅದೇ ಬಿಫಿಡೊಬ್ಯಾಕ್ಟೀರಿಯಂ.

ದಿನ ತುಂಬಿ ಸಹಜವಾಗಿ ಹುಟ್ಟಿ, ತಾಯಿಯ ಮಡಿಲಲ್ಲೇ ಇದ್ದು, ಎದೆಹಾಲು ಕುಡಿಯುವ ಮಗುವಿಗೆ ಮೊದಲ ಬ್ಯಾಕ್ಟೀರಿಯಾಗಳು ತಾಯಿಯಿಂದ ಬರುತ್ತವೆ: ಹೆರಿಗೆಯ ದಾರಿಯಿಂದ, ತಾಯಿಯ ಚರ್ಮದಿಂದ, ಹಾಲಿನಿಂದ. ದಿನ ಕಳೆದಂತೆ ಬಿಫಿಡೊಬ್ಯಾಕ್ಟೀರಿಯಂ ಮೇಲುಗೈ ಪಡೆಯುತ್ತದೆ.

ಅವಧಿಗೆ ಮೊದಲು ಹುಟ್ಟಿದ ಕೂಸಿನ ಕಥೆ ಬೇರೆ. ಅದು ಅನೇಕ ಸಲ ಸಿಸೇರಿಯನ್ ಮೂಲಕ ಹುಟ್ಟುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ದೂರವಾಗಿ ಗಾಜಿನ ಪೆಟ್ಟಿಗೆಯಂಥ ಇನ್‌ಕ್ಯುಬೇಟರ್ ಸೇರುತ್ತದೆ. ಸೋಂಕಿನ ಭಯದಿಂದ ಮೊದಲ ದಿನವೇ ಆಂಟಿಬಯಾಟಿಕ್ ಶುರುವಾಗುತ್ತದೆ. ಮೂಗಿನಲ್ಲಿ ಕೊಳವೆ, ಕೈಯಲ್ಲಿ ಸೂಜಿ. ಅದಕ್ಕೆ ಸಿಗುವ ಬ್ಯಾಕ್ಟೀರಿಯಾಗಳು ತಾಯಿಯವಲ್ಲ, ಆಸ್ಪತ್ರೆಯವು. ಇವುಗಳಲ್ಲಿ ಕ್ಲೆಬ್ಸಿಯೆಲ್ಲಾ ಮತ್ತು ಅದರ ಬಳಗದ ಗ್ರಾಂ-ಋಣಾತ್ಮಕ ಬ್ಯಾಕ್ಟೀರಿಯಾಗಳು ಬೇಗ ಬೆಳೆದು ಕರುಳನ್ನು ಆಕ್ರಮಿಸುತ್ತವೆ. ಬಿಫಿಡೊಬ್ಯಾಕ್ಟೀರಿಯಂ ತಡವಾಗಿ ಬರುತ್ತದೆ, ಕೆಲವರಲ್ಲಿ ಬಹಳ ದಿನ ಬರುವುದೇ ಇಲ್ಲ.

ಕಾಯಿಲೆ: ಎನ್‌ಇಸಿ

ಈ ಹಿನ್ನೆಲೆಯಲ್ಲಿ ಬರುವ ಕಾಯಿಲೆಯ ಹೆಸರು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್. ವೈದ್ಯರು ಚಿಕ್ಕದಾಗಿ ಎನ್‌ಇಸಿ ಎನ್ನುತ್ತಾರೆ. ಹೆಸರು ಉದ್ದವಾದರೂ ಅರ್ಥ ಸರಳ. ‘ನೆಕ್ರೊ’ ಎಂದರೆ ಜೀವಕೋಶ ಸಾಯುವುದು, ‘ಎಂಟರೊ’ ಎಂದರೆ ಕರುಳು, ‘ಕೊಲೈಟಿಸ್’ ಎಂದರೆ ದೊಡ್ಡ ಕರುಳಿನ ಉರಿಯೂತ. ಕರುಳಿನ ಗೋಡೆ ಉರಿಯೂತಕ್ಕೆ ಸಿಕ್ಕು ತುಂಡು ತುಂಡಾಗಿ ಸಾಯುವ ಕಾಯಿಲೆ ಇದು. ಹೆಚ್ಚಾಗಿ ಸಣ್ಣ ಕರುಳಿನ ಕೊನೆಯ ಭಾಗ ಮತ್ತು ದೊಡ್ಡ ಕರುಳಿನಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು. ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗು ತೀರಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವಷ್ಟು ಮುಂದುವರಿದರೆ ಸಾವಿನ ಪ್ರಮಾಣ ಇನ್ನೂ ಹೆಚ್ಚು.

ಈ ಕಾಯಿಲೆಯ ಒಂದು ವಿಚಿತ್ರ ಗುಣವಿದೆ. ಇದು ಹುಟ್ಟಿದ ದಿನವೇ ಬರುವುದಿಲ್ಲ. ಉಸಿರಾಟ ಸುಧಾರಿಸಿ, ತೂಕ ಸ್ವಲ್ಪ ಏರಿ, ಕೊಳವೆಯಲ್ಲಿ ಹಾಲು ಕೊಡಲು ಶುರು ಮಾಡಿ, ಮನೆಯವರು ‘ಇನ್ನು ಪರವಾಗಿಲ್ಲ’ ಎಂದುಕೊಳ್ಳುವ ಎರಡನೇ ಅಥವಾ ಮೂರನೇ ವಾರದಲ್ಲಿ ಬರುತ್ತದೆ. ಎಷ್ಟು ಬೇಗ ಹುಟ್ಟಿದೆಯೋ ಕಾಯಿಲೆ ಅಷ್ಟು ತಡವಾಗಿ ಕಾಣಿಸಿಕೊಳ್ಳುತ್ತದೆ.

ಗರ್ಭದಲ್ಲಿ ಬ್ಯಾಕ್ಟೀರಿಯಾ ನೆಲೆಸಿರುವುದಿಲ್ಲ, ಅಲ್ಲಿ ಈ ಕಾಯಿಲೆಯೂ ಇಲ್ಲ. ಹುಟ್ಟಿದ ಮೇಲೆ ಬ್ಯಾಕ್ಟೀರಿಯಾ ಸೇರಿ, ಹಾಲು ಶುರುವಾದ ಮೇಲೆಯೇ ಕಾಯಿಲೆ ಬರುತ್ತದೆ. ಹಾಗಿದ್ದರೆ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ನಂಟು ಇರಲೇಬೇಕು ಎಂದು ವಿಜ್ಞಾನಿಗಳು ತರ್ಕಿಸಿದರು. ಆದರೆ ಕ್ಷಯಕ್ಕೆ ಒಂದು ರೋಗಾಣು, ಟೈಫಾಯಿಡ್‌ಗೆ ಒಂದು ರೋಗಾಣು ಇರುವಂತೆ ಎನ್‌ಇಸಿಗೆ ಒಂದೇ ರೋಗಾಣು ಸಿಗಲಿಲ್ಲ. ದಶಕಗಳ ಹುಡುಕಾಟದ ನಂತರ ತಿಳಿದದ್ದು ಇದು: ತಪ್ಪು ಒಂದು ಬ್ಯಾಕ್ಟೀರಿಯಾದ್ದಲ್ಲ, ಇಡೀ ಬೀಡಿನ ಸಮತೋಲನದ್ದು. 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಪುಟ್ಟ ಮಕ್ಕಳ ಮಲದ ಮಾದರಿಗಳನ್ನು ಹುಟ್ಟಿದಾಗಿನಿಂದ ಸತತವಾಗಿ ಸಂಗ್ರಹಿಸಿ ಪರೀಕ್ಷಿಸಿದಾಗ, ಕಾಯಿಲೆ ಬರುವ ಮೊದಲೇ ಕ್ಲೆಬ್ಸಿಯೆಲ್ಲಾ ಬಳಗದ ಬ್ಯಾಕ್ಟೀರಿಯಾಗಳ ಪಾಲು ಏರಿತ್ತು, ಬೇರೆಯವುಗಳ ಪಾಲು ಕುಸಿದಿತ್ತು.

ಮುಂದಿನ ಹಂತ ಹೀಗಿದೆ. ಗ್ರಾಂ-ಋಣಾತ್ಮಕ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ಇರುತ್ತದೆ. ಕರುಳಿನ ಜೀವಕೋಶಗಳ ಮೇಲೆ ಅದನ್ನು ಗುರುತಿಸುವ ಟಿಎಲ್‌ಆರ್-4 ಎಂಬ ಗ್ರಾಹಕ ಇದೆ. ಬಲಿಯದ ಕರುಳಿನಲ್ಲಿ ಈ ಗ್ರಾಹಕ ಅತಿಯಾಗಿ ಇರುತ್ತದೆ. ದೊಡ್ಡವರ ಕರುಳು ಸುಮ್ಮನೆ ಬಿಡುವ ಬ್ಯಾಕ್ಟೀರಿಯಾಕ್ಕೆ ಪುಟ್ಟ ಕರುಳು ಯುದ್ಧವನ್ನೇ ಸಾರುತ್ತದೆ. ಉರಿಯೂತ ಏರುತ್ತದೆ, ಒಳಪದರದ ಜೀವಕೋಶಗಳು ಸಾಯುತ್ತವೆ, ಸಣ್ಣ ರಕ್ತನಾಳಗಳು ಸಂಕುಚಿಸಿ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಗೋಡೆ ಬಿರುಕು ಬಿಟ್ಟಲ್ಲಿ ಬ್ಯಾಕ್ಟೀರಿಯಾ ಒಳನುಗ್ಗಿ ಅಲ್ಲೇ ಅನಿಲ ಉತ್ಪಾದಿಸುತ್ತದೆ. ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೆ ಗುಳ್ಳೆಗಳ ಸಾಲು ಕಂಡರೆ ವೈದ್ಯರಿಗೆ ಎನ್‌ಇಸಿ ಎಂದು ಖಚಿತವಾಗುತ್ತದೆ.

ಲಕ್ಷಣ ಮತ್ತು ಚಿಕಿತ್ಸೆ

ಹಾಲು ಅರಗದೆ ಹೊಟ್ಟೆಯಲ್ಲೇ ಉಳಿಯುವುದು, ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಕೂಸು ಮಂಕಾಗುವುದು, ನಡುನಡುವೆ ಉಸಿರು ನಿಲ್ಲುವುದು ಇವು ಮುಖ್ಯ ಲಕ್ಷಣಗಳು. ಕೆಲವು ಗಂಟೆಗಳಲ್ಲೇ ಪರಿಸ್ಥಿತಿ ಕೈಮೀರಬಹುದು.

ಚಿಕಿತ್ಸೆ ಎಂದರೆ ಮೊದಲು ಬಾಯಿಂದ ಹಾಲು ಪೂರ್ತಿ ನಿಲ್ಲಿಸುವುದು, ಕೊಳವೆ ಹಾಕಿ ಹೊಟ್ಟೆಯ ಗಾಳಿ ತೆಗೆಯುವುದು, ನರದ ಮೂಲಕ ಪೋಷಣೆ ಮತ್ತು ಆಂಟಿಬಯಾಟಿಕ್ ಕೊಡುವುದು, ಮತ್ತೆ ಮತ್ತೆ ಎಕ್ಸ್‌ರೇ ತೆಗೆದು ನೋಡುವುದು. ಕರುಳು ತೂತಾದರೆ ಶಸ್ತ್ರಚಿಕಿತ್ಸೆ ಮಾಡಿ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕು. ಬಹಳಷ್ಟು ಕರುಳು ಹೋದರೆ ಉಳಿದ ಮಗು ಆಹಾರದಿಂದ ಸತ್ವ ಹೀರಿಕೊಳ್ಳಲಾಗದೆ ವರ್ಷಗಟ್ಟಲೆ ಕಷ್ಟಪಡುತ್ತದೆ. ಒಂದು ಕಿಲೋ ತೂಕದ ಕೂಸಿನ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸಕರು ಪ್ರತಿ ಊರಿನಲ್ಲೂ ಸಿಗುವುದಿಲ್ಲ. ರಂಗಂಪೇಟೆಯಂಥ ಊರಿನವರಿಗೆ ಬಂದ ಮೇಲಿನ ಚಿಕಿತ್ಸೆಗಿಂತ ಬರದಂತೆ ತಡೆಯುವುದೇ ದೊಡ್ಡ ಮಾತಾಗುವುದು ಇದಕ್ಕೇ.

ಹಾಲು ಮಾಡುವ ಕೆಲಸ

1990ರಲ್ಲಿ ಇಂಗ್ಲೆಂಡಿನ ಅಲನ್ ಲೂಕಸ್ ಮತ್ತು ಟಿ. ಜೆ. ಕೋಲ್ ಅವರು ಅವಧಿಪೂರ್ವವಾಗಿ ಹುಟ್ಟಿದ 926 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಬರೀ ಪುಡಿ ಹಾಲು ಕುಡಿದ ಮಕ್ಕಳಲ್ಲಿ, ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಎನ್‌ಇಸಿ 6ರಿಂದ 10 ಪಟ್ಟು ಹೆಚ್ಚು ಕಂಡಿತು. ಎರಡೂ ಬೆರೆಸಿ ಕುಡಿದವರಿಗೆ ಹೋಲಿಸಿದರೂ ಬರೀ ಪುಡಿ ಹಾಲಿನವರಲ್ಲಿ 3 ಪಟ್ಟು ಹೆಚ್ಚಿತ್ತು. ಅಂದರೆ ಎದೆಹಾಲು ಪೂರ್ತಿ ಸಾಲದಿದ್ದರೂ, ಸಿಕ್ಕಷ್ಟು ಕೊಟ್ಟರೂ ಲಾಭವಿದೆ. ‘ಹಾಲು ನಾಲ್ಕೇ ಹನಿ ಬರುತ್ತದೆ, ಅದರಿಂದ ಏನಾದೀತು’ ಎಂದು ಕೈಬಿಡುವ ತಾಯಂದಿರಿಗೆ ಹೇಳಬೇಕಾದ ಮಾತು ಇದೇ.

ಎದೆಹಾಲು ಇಷ್ಟು ಕೆಲಸ ಮಾಡುವುದು ಹೇಗೆ? ಐಜಿಎ ಪ್ರತಿಕಾಯಗಳು ಬ್ಯಾಕ್ಟೀರಿಯಾವನ್ನು ಹಿಡಿದು ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತವೆ. ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಅವುಗಳಿಗೆ ಬೇಕಾದ ಕಬ್ಬಿಣಾಂಶವನ್ನು ಸಿಗದಂತೆ ಮಾಡುತ್ತದೆ. ಇವುಗಳಿಗಿಂತಲೂ ಸ್ವಾರಸ್ಯವಾದದ್ದು ಒಂದು ಬಗೆಯ ಸಕ್ಕರೆ. ತಾಯಿಹಾಲಿನ ಘನಾಂಶದಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಮೂರನೇ ಸ್ಥಾನ ಒಲಿಗೊಸ್ಯಾಕರೈಡ್ ಎಂಬ ಸಕ್ಕರೆಗಳದು. ಇವುಗಳಲ್ಲಿ 150ಕ್ಕೂ ಹೆಚ್ಚು ಬಗೆಗಳಿವೆ. ಆದರೆ ಮಗುವಿಗೆ ಇವನ್ನು ಅರಗಿಸುವ ಕಿಣ್ವವೇ ಇಲ್ಲ!

ತಾಯಿಯ ಮೈ ತನ್ನ ಸತ್ವ ಖರ್ಚು ಮಾಡಿ, ಮಗುವಿಗೆ ಅರಗದ ಸಕ್ಕರೆಯನ್ನು ಏಕೆ ತಯಾರಿಸುತ್ತದೆ? ಉತ್ತರ ಸಿಕ್ಕಿದ್ದು ಬ್ಯಾಕ್ಟೀರಿಯಾದಲ್ಲಿ. ಬಿಫಿಡೊಬ್ಯಾಕ್ಟೀರಿಯಂನ ಇನ್‌ಫ್ಯಾಂಟಿಸ್ ಎಂಬ ತಳಿಯಲ್ಲಿ ಈ ಸಕ್ಕರೆಗಳನ್ನು ಒಳಗೆಳೆದುಕೊಂಡು ಒಡೆಯುವ ಜೀನ್‌ಗಳ ಗುಂಪೇ ಇದೆ. ತಾಯಿ ಒಂದೇ ಹಾಲಿನಲ್ಲಿ ಮಗುವಿಗೂ ಊಟ ಬಡಿಸುತ್ತಾಳೆ, ಮಗುವನ್ನು ಕಾಯುವ ಬ್ಯಾಕ್ಟೀರಿಯಾಕ್ಕೂ ಬಡಿಸುತ್ತಾಳೆ. ಆ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಕರುಳು ಆಮ್ಲೀಯವಾದಾಗ ಕ್ಲೆಬ್ಸಿಯೆಲ್ಲಾದಂಥವು ಬೆಳೆಯಲು ಹೆಣಗಬೇಕಾಗುತ್ತದೆ. ಹಸುವಿನ ಹಾಲಿನಲ್ಲಿ ಈ ಸಕ್ಕರೆಗಳು ತೀರಾ ಕಡಿಮೆ.

ಬ್ಯಾಕ್ಟೀರಿಯಾವನ್ನೇ ಕುಡಿಸಿದರೆ?

ಒಳ್ಳೆಯ ಬ್ಯಾಕ್ಟೀರಿಯಾ ಇಲ್ಲದ್ದೇ ತೊಂದರೆಯಾದರೆ ಅದನ್ನೇ ನೇರವಾಗಿ ಕೊಡಬಾರದೇಕೆ? ಜೀವಂತ ಬ್ಯಾಕ್ಟೀರಿಯಾವನ್ನು ಔಷಧಿಯಂತೆ ಕೊಡುವುದಕ್ಕೆ ಪ್ರೊಬಯಾಟಿಕ್ ಎನ್ನುತ್ತಾರೆ. ಈ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ದೊಡ್ಡ ಪ್ರಯೋಗವಿದೆ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂ ಬ್ಯಾಕ್ಟೀರಿಯಾವನ್ನು ಅದರ ಆಹಾರವಾದ ಸಕ್ಕರೆಯೊಡನೆ ಒಂದು ವಾರ ಕೊಟ್ಟರು. ಉಳಿದ ಅರ್ಧಕ್ಕೆ ಔಷಧಿ ಇಲ್ಲದ ಪುಡಿ ಕೊಟ್ಟರು. ರಕ್ತದ ಸೋಂಕು ಅಥವಾ ಸಾವು ಸಂಭವಿಸಿದ್ದು ಎರಡನೇ ಗುಂಪಿನಲ್ಲಿ ನೂರಕ್ಕೆ 9, ಬ್ಯಾಕ್ಟೀರಿಯಾ ಪಡೆದ ಗುಂಪಿನಲ್ಲಿ ನೂರಕ್ಕೆ 5.4. ಅಂದರೆ ನೂರಕ್ಕೆ 40ರಷ್ಟು ಇಳಿಕೆ.

ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಬೇಕು: ಈ ಪ್ರಯೋಗದಲ್ಲಿದ್ದ ಮಕ್ಕಳು ಯಾರು? ಅವರು ಎರಡು ಕಿಲೋ ಮತ್ತು ಅದಕ್ಕೂ ಹೆಚ್ಚು ತೂಕದ, ಎದೆಹಾಲು ಕುಡಿಯುತ್ತಿದ್ದ, 35 ವಾರ ದಾಟಿ ಹುಟ್ಟಿದ ಮಕ್ಕಳು. ಒಂದು ಕಿಲೋ ಕೂಸಿಗೂ ಅದೇ ಫಲ ಸಿಗುತ್ತದೆ ಎಂದು ಇದರಿಂದ ಹೇಳಲಾಗದು. ಇಂಗ್ಲೆಂಡಿನಲ್ಲಿ 31 ವಾರಕ್ಕಿಂತ ಮೊದಲು ಹುಟ್ಟಿದ 1,315 ಮಕ್ಕಳಿಗೆ ಬೇರೊಂದು ತಳಿಯನ್ನು ಕೊಟ್ಟು ನೋಡಿದ ಪ್ರಯೋಗದಲ್ಲಿ, ಎನ್‌ಇಸಿ ಬಂದದ್ದು ಒಂದು ಗುಂಪಿನಲ್ಲಿ ನೂರಕ್ಕೆ ಸುಮಾರು 9, ಇನ್ನೊಂದರಲ್ಲಿ ಸುಮಾರು 10. ಹೇಳುವಂಥ ವ್ಯತ್ಯಾಸವಿಲ್ಲ. ತಳಿ ಬದಲಾದರೆ, ಮಕ್ಕಳ ವಯಸ್ಸು ಬದಲಾದರೆ ಫಲವೂ ಬದಲಾಗುತ್ತದೆ. 2023ರಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದ ಮಗುವೊಂದು ಪ್ರೊಬಯಾಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ತೀರಿಕೊಂಡ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆಯೂ ಅಳೆದು ತೂಗಿದ್ದು: 32 ವಾರಕ್ಕಿಂತ ಮೊದಲು ಹುಟ್ಟಿ, ಎದೆಹಾಲು ಕುಡಿಯುವ ಮಕ್ಕಳಿಗೆ ಇದನ್ನು ಪರಿಗಣಿಸಬಹುದು ಎಂದಷ್ಟೇ ಅದು ಹೇಳುತ್ತದೆ. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಪೊಟ್ಟಣ ತಂದು ಮನೆಯಲ್ಲೇ ಕೂಸಿಗೆ ಕುಡಿಸುವ ವಿಷಯ ಇದಲ್ಲ. ತಜ್ಞ ವೈದ್ಯರು ನಿರ್ಧರಿಸಬೇಕಾದದ್ದು.

ತಾಯಿಯ ಎದೆಯೇ ಪೆಟ್ಟಿಗೆ

ತಾಯಿಯ ಬ್ಯಾಕ್ಟೀರಿಯಾ ಮಗುವಿಗೆ ಸಿಗಲು ಖರ್ಚಿಲ್ಲದ ದಾರಿಯೊಂದಿದೆ: ಕೂಸನ್ನು ತಾಯಿಯ ಬರಿ ಎದೆಗೆ ಅಪ್ಪಿಸಿ ಮಲಗಿಸುವುದು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಇದನ್ನು ಶುರು ಮಾಡಿದರು. ಬಡತನದಲ್ಲಿ ಹುಟ್ಟಿದ ಉಪಾಯ ಈಗ ಜಗತ್ತಿಗೇ ಪಾಠವಾಗಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ 3,211 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 12. ಕೂಸಿನ ಸ್ಥಿತಿ ಸುಧಾರಿಸಿದ ಮೇಲೆ ಶುರು ಮಾಡಿದ ಗುಂಪಿನಲ್ಲಿ 15.7.

ಇದು ದೂರದ ಮಾತಲ್ಲ. ಕೃಷ್ಣೆಯ ಆಚೆ ರಾಯಚೂರು ಜಿಲ್ಲೆ, ಅದನ್ನು ದಾಟಿದರೆ ಕೊಪ್ಪಳ. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹೇಗೆ ವಿಸ್ತರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ಅಧ್ಯಯನ ನಡೆಸಿದಾಗ ಆಯ್ಕೆಯಾದ ಜಾಗಗಳಲ್ಲಿ ಕೊಪ್ಪಳವೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಸರ್ಕಾರದ ಜೊತೆ ಸೇರಿ ಅಲ್ಲಿ ಕೆಲಸ ಮಾಡಿದವು. ಇದಕ್ಕೆ ಯಂತ್ರ ಬೇಕಿಲ್ಲ. ತಾಯಿಗೆ ಕೂರಲು ಜಾಗ, ಕಲಿಸುವ ನರ್ಸ್, ಮನೆಗೆಲಸ ಹಂಚಿಕೊಳ್ಳುವ ಅತ್ತೆ, ನಾದಿನಿ, ಗಂಡ ಇದ್ದರೆ ಸಾಕು. ತಾಯಿಗೆ ದಣಿವಾದಾಗ ತಂದೆಯೋ ಅಜ್ಜಿಯೋ ಎದೆಗೆ ಅಪ್ಪಿಕೊಳ್ಳಬಹುದು. ಮೈಗೆ ಮೈ ತಾಗಿದಾಗ ಕೂಸಿಗೆ ಶಾಖ ಸಿಗುತ್ತದೆ, ಮನೆಯವರ ಬ್ಯಾಕ್ಟೀರಿಯಾ ಸಿಗುತ್ತದೆ, ತಾಯಿಗೆ ಹಾಲು ಹೆಚ್ಚುತ್ತದೆ.

ಹಾಲಿನ ಬ್ಯಾಂಕು ಮತ್ತು ಹಾಲಿನ ಸಂಬಂಧ

ತಾಯಿಗೆ ಹಾಲು ಬಾರದಿದ್ದರೆ, ತಾಯಿಯೇ ಉಳಿಯದಿದ್ದರೆ ಏನು ಮಾಡಬೇಕು? ಇದಕ್ಕೆ ಹುಟ್ಟಿದ ಉತ್ತರ ಎದೆಹಾಲಿನ ಬ್ಯಾಂಕು. ಏಷ್ಯಾದ ಮೊದಲ ಬ್ಯಾಂಕು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಶ್ರಮದಿಂದ ಶುರುವಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆಯಲ್ಲೂ ಇಂಥ ಬ್ಯಾಂಕುಗಳು 2022ರಲ್ಲಿ ಆರಂಭವಾದವು. ದಾನ ಮಾಡುವ ತಾಯಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್-ಬಿಯಂಥ ಸೋಂಕುಗಳಿಗೆ ಪರೀಕ್ಷಿಸುತ್ತಾರೆ. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಕಾಯಿಸಿದಾಗ ಪ್ರತಿಕಾಯಗಳು ಸ್ವಲ್ಪ ನಷ್ಟವಾದರೂ ಮೇಲೆ ಹೇಳಿದ ಸಕ್ಕರೆಗಳು ಉಳಿಯುತ್ತವೆ. ಆದ್ದರಿಂದ ದಾನದ ಹಾಲು ತಾಯಿಹಾಲಿಗಿಂತ ಕೆಳಗೆ, ಪುಡಿ ಹಾಲಿಗಿಂತ ಮೇಲೆ.

ಇಲ್ಲಿ ಮುಸ್ಲಿಂ ಕುಟುಂಬಗಳ ಮುಂದೆ ಒಂದು ನಿಜವಾದ ಪ್ರಶ್ನೆ ನಿಲ್ಲುತ್ತದೆ. ಶರೀಅತ್‌ನಲ್ಲಿ ಹಾಲುಣಿಸಿದವಳೂ ತಾಯಿಯೇ. ಒಬ್ಬಳೇ ತಾಯಿಯ ಹಾಲು ಕುಡಿದ ಮಕ್ಕಳು ಒಡಹುಟ್ಟಿದವರಂತೆ, ಅವರ ನಡುವೆ ನಿಕಾಹ್ ಕೂಡದು. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಹಾಲುಣಿಸಿದ ಹಲೀಮಾ ಸಾದಿಯಾ ಅವರ ವೃತ್ತಾಂತ ನಮಗೆಲ್ಲ ಗೊತ್ತು. ಬ್ಯಾಂಕಿನಲ್ಲಿ ಹಲವು ತಾಯಂದಿರ ಹಾಲು ಬೆರೆತರೆ, ಯಾರ ಹಾಲು ಯಾರಿಗೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಈ ಕಾರಣದಿಂದ 1985ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಮುಸ್ಲಿಂ ನಾಡುಗಳಲ್ಲಿ ಹಾಲಿನ ಬ್ಯಾಂಕು ಬೇಡ ಎಂದಿತು. ಯೂಸುಫ್ ಅಲ್-ಕರ್ದಾವಿಯವರಂಥ ವಿದ್ವಾಂಸರು ಬೇರೆ ಅಭಿಪ್ರಾಯ ಕೊಟ್ಟರು. 2024ರಲ್ಲಿ ಕರಾಚಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ತೆರೆದ ಬ್ಯಾಂಕು, ಫತ್ವಾ ಬದಲಾದದ್ದರಿಂದ ಅದೇ ವರ್ಷ ನಿಂತುಹೋಯಿತು. ಎಷ್ಟು ಸಲ ಕುಡಿದರೆ ಸಂಬಂಧ ಏರ್ಪಡುತ್ತದೆ ಎಂಬುದರಲ್ಲೂ ಮದ್‌ಹಬ್‌ಗಳ ನಡುವೆ ಭೇದವಿದೆ. ಹನಫಿಗಳಲ್ಲಿ ಸ್ವಲ್ಪ ಕುಡಿದರೂ ಸಾಕು, ಶಾಫಿಗಳಲ್ಲಿ ಐದು ಸಲ ಆಗಬೇಕು.

ಈ ಪ್ರಶ್ನೆಯನ್ನು ನಾವು ಇಲ್ಲಿ ತೀರ್ಮಾನಿಸಲಾರೆವು, ಅದು ಉಲಮಾಗಳ ಕೆಲಸ. ಆದರೆ ಮೂರು ಮಾತು ತಿಳಿದಿರಲಿ. ಒಂದು, ತಾಯಿಯದೇ ಹಾಲನ್ನು ಹಿಂಡಿ, ಹೆಸರು ಬರೆದಿಟ್ಟು, ಅವಳದೇ ಕೂಸಿಗೆ ಕೊಡುವಾಗ ಈ ಪ್ರಶ್ನೆಯೇ ಏಳುವುದಿಲ್ಲ. ಹಾಲಿನ ಬ್ಯಾಂಕು ಇರುವ ಕೇಂದ್ರಗಳು ತಾಯಂದಿರಿಗೆ ಈ ಕೆಲಸದಲ್ಲಿಯೇ ಮೊದಲು ನೆರವಾಗಬೇಕು ಎಂಬುದು ನಮ್ಮ ದೇಶದ 2017ರ ಮಾರ್ಗಸೂಚಿಯ ಆಶಯ. ಎರಡು, ದಾನದ ಹಾಲು ಬೇಕೇ ಬೇಕು ಎಂದಾದಾಗ, ದಾನಿ ಒಬ್ಬರೇ ಇರಲಿ, ಅವರು ಯಾರೆಂದು ಬರೆದಿಟ್ಟುಕೊಳ್ಳಲಿ ಎಂದು ಕುಟುಂಬ ಕೇಳಬಹುದು. ಶರೀಅತ್‌ಗೆ ಬೇಕಾದದ್ದು ಗುರುತು, ವೈದ್ಯಶಾಸ್ತ್ರಕ್ಕೂ ಬೇಕಾದದ್ದು ಅದೇ. ಮೂರು, ಈ ಮಾತುಕತೆ ತುರ್ತು ನಿಗಾ ಘಟಕದ ಬಾಗಿಲಲ್ಲಿ ನಡುರಾತ್ರಿ ಆಗಬಾರದು. ಗರ್ಭಿಣಿಗೆ ಅಪಾಯವಿದೆ ಎಂದು ವೈದ್ಯರು ಹೇಳಿದಾಗಲೇ ಮನೆಯವರು ಮೌಲಾನಾ ಅವರನ್ನೂ ವೈದ್ಯರನ್ನೂ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ

ಧರ್ಮ ಯಾವುದೇ ಇರಲಿ, ನಮ್ಮ ಭಾಗದ ಮನೆಗಳಲ್ಲಿ ಕೆಲವು ರೂಢಿಗಳಿವೆ. ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಮೊದಲು ಸಕ್ಕರೆ ನೀರು, ಜೇನು, ಔಡಲೆಣ್ಣೆ, ಗುಟ್ಟಿ ನೆಕ್ಕಿಸುವುದು. ದಿನ ತುಂಬಿದ ಮಗುವಿಗೇ ಇವು ಬೇಡವಾದವು. ದಿನ ತುಂಬದ ಕೂಸಿಗಂತೂ ಬೆರಳಿನಿಂದ ಹೋಗುವ ಒಂದು ಹನಿಯೂ ಅಪಾಯ ತರಬಹುದು. ತಹ್ನೀಕ್ ಮಾಡಿಸುವ ಹಂಬಲವಿದ್ದವರು ಇಂಥ ಕೂಸಿನ ವಿಷಯದಲ್ಲಿ ವೈದ್ಯರನ್ನು ಕೇಳಿ, ಕೂಸು ಚೇತರಿಸಿಕೊಳ್ಳುವವರೆಗೆ ಕಾಯುವುದು ಲೇಸು. ದುವಾ ಮಾಡಲು ಮಾತ್ರ ಕಾಯಬೇಕಿಲ್ಲ.

ನೆನಪಿಡಬೇಕಾದವು ಇಷ್ಟು:

1. ಅವಧಿಗೆ ಮೊದಲು ಹೆರಿಗೆ ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ನವಜಾತ ಶಿಶುಗಳ ವಿಶೇಷ ಘಟಕ ಇರುವ ಆಸ್ಪತ್ರೆ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

2. ಕೂಸು ಒಳಗೆ, ತಾಯಿ ಹೊರಗೆ ಇದ್ದರೂ ಮೊದಲ ಗಂಟೆಗಳಿಂದಲೇ ಹಾಲು ಹಿಂಡಲು ಶುರು ಮಾಡಬೇಕು. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಿದರೆ ಹಾಲು ಬತ್ತುವುದಿಲ್ಲ.

3. ಚೀಪಲಾಗದ ಕೂಸಿಗೆ ಕೊಳವೆಯಲ್ಲಿ, ಆಮೇಲೆ ಒಳಲೆಯಲ್ಲಿ ಹಾಲು ಕೊಡುತ್ತಾರೆ. ಎಷ್ಟು ಕೊಡಬೇಕು ಎಂಬುದನ್ನು ನರ್ಸ್ ಹೇಳಿದಂತೆಯೇ ಕೇಳಿ. ಬಾಟಲಿ ಬೇಡ.

4. ಪುಡಿ ಹಾಲು ವೈದ್ಯರು ಬರೆದುಕೊಟ್ಟರೆ ಮಾತ್ರ. ನಮ್ಮ ದೇಶದಲ್ಲಿ 1992ರ ಕಾಯ್ದೆ ಶಿಶುಗಳ ಪುಡಿ ಹಾಲಿನ ಜಾಹೀರಾತನ್ನೇ ನಿಷೇಧಿಸಿದೆ.

5. ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ನೋಡಲು ಬರುವ ಬಂಧುಬಳಗ ಸ್ವಲ್ಪ ದಿನ ತಡೆಯಲಿ.

6. ಮನೆಗೆ ಬಂದ ಮೇಲೂ ಹೊಟ್ಟೆ ಉಬ್ಬರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬೇಡವೆನ್ನುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ, ಅವರಿಗೆ ಎಲ್ಲವನ್ನೂ ತಿಳಿಸಿ.

ಇನ್ನು ಕೂಸು ದಿನ ತುಂಬುವ ಮೊದಲೇ ಹುಟ್ಟದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಹದಿನೆಂಟು ತುಂಬದ ಹುಡುಗಿಯ ಮದುವೆ, ರಕ್ತಹೀನತೆ, ವರ್ಷಕ್ಕೊಂದು ಹೆರಿಗೆ, ಗರ್ಭಿಣಿಯ ಮೇಲೆ ಬೀಳುವ ಭಾರವಾದ ಕೂಲಿ ಕೆಲಸ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಕಾಲೇಜಿಗೆ ಬರುವ ಹೆಣ್ಣುಮಕ್ಕಳು ಓದು ಮುಂದುವರಿಸುವುದಕ್ಕೂ ಮುಂದೊಂದು ದಿನ ಹುಟ್ಟುವ ಕೂಸಿನ ಕರುಳಿಗೂ ಇರುವ ನಂಟು ಇದು. ನಮ್ಮ ಹುಡುಗರಿಗೂ ಇದು ಸಂಬಂಧಿಸಿದ್ದೇ. ನಾಳೆ ಅಣ್ಣನಾಗಿ, ಗಂಡನಾಗಿ, ತಂದೆಯಾಗಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವವರು ಅವರೇ. ಹಾಲು ಹಿಂಡುವ ತಾಯಿಗೆ ಒಂದು ಲೋಟ ನೀರು ಕೊಟ್ಟು, ‘ನಾಲ್ಕು ಹನಿಯಾದರೂ ಸಾಕು, ಅದೇ ಔಷಧಿ’ ಎಂದು ಧೈರ್ಯ ಹೇಳುವವರು ಮನೆಯಲ್ಲಿ ಒಬ್ಬರಿರಬೇಕು. ಈ ಪಾಠ ಓದಿದವರು ಆ ಒಬ್ಬರಾಗಲಿ.